ಗಲ್ಫ್‌ಗೆ ಹೊರಡುವ ಮುನ್ನ ಒಂದು ಲೆಕ್ಕ: ಮಗು ಹನ್ನೆರಡನೇ ತರಗತಿ ಎಲ್ಲಿ ಬರೆಯುತ್ತದೆ?

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೆಲಂಗಾಣದ ಒಂದು ನಿಯಮವನ್ನು ಎತ್ತಿ ಹಿಡಿಯಿತು. ಆ ರಾಜ್ಯದ ವೈದ್ಯಕೀಯ ಕಾಲೇಜುಗಳ ರಾಜ್ಯ ಕೋಟಾ ಸೀಟು ಸಿಗಬೇಕಾದರೆ ಹನ್ನೆರಡನೇ ತರಗತಿ ಮುಗಿಯುವ ಹೊತ್ತಿಗೆ ಹಿಂದಿನ ನಾಲ್ಕು ವರ್ಷ ಸತತವಾಗಿ ಅಲ್ಲೇ ಓದಿರಬೇಕು ಎಂಬ ನಿಯಮ ಅದು. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದು ಎರಡೇ ವರ್ಷ ಕೋಚಿಂಗಿಗೋ, ತಂದೆಯ ಕೆಲಸದ ಕಾರಣಕ್ಕೋ ಹೊರಗೆ ಓದಿದ ಮಕ್ಕಳು ಸ್ಥಳೀಯರಲ್ಲ ಎಂದಾಯಿತು. ಹೈಕೋರ್ಟ್ ಕೊಟ್ಟಿದ್ದ ರಿಯಾಯಿತಿಯನ್ನು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾ. ಕೆ. ವಿನೋದ್ ಚಂದ್ರನ್ ಅವರ ಪೀಠ ತೆಗೆದುಹಾಕಿತು. ಹೊರಗೆ ಕೆಲಸ ಮಾಡುವ ಸರ್ಕಾರಿ ನೌಕರರು, ಸೈನಿಕರ ಮಕ್ಕಳಿಗೆ ವಿನಾಯಿತಿ ಉಂಟು. ಖಾಸಗಿ ಕಂಪನಿಗೋ ಅಂಗಡಿಗೋ ಗಲ್ಫ್‌ಗೆ ಹೋದವನ ಮಗುವಿಗೆ ಆ ವಿನಾಯಿತಿಯಲ್ಲಿ ಜಾಗ ಇಲ್ಲ.

ತೆಲಂಗಾಣದ ತೀರ್ಪಿಗೂ ಮಂಗಳೂರಿನವರಿಗೂ ಎಂತ ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ನಮ್ಮ ಸಮುದಾಯದಲ್ಲಿ ಪ್ರತಿ ವರ್ಷ ಮಾರ್ಚ್-ಏಪ್ರಿಲ್ ಬಂತೆಂದರೆ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ಫ್ಯಾಮಿಲಿ ವೀಸಾ ಆಗಿದೆ, ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ, ಅಲ್ಲಿ ಯಾವ ಶಾಲೆ ಒಳ್ಳೆಯದು? ಎಲ್ಲರೂ ಕೇಳುವುದು ಇದನ್ನೇ. ನನ್ನ ಪ್ರಕಾರ ಇದು ಎರಡನೇ ಪ್ರಶ್ನೆ. ಮೊದಲನೆಯದು: ಈ ಮಗು ಹತ್ತು ಮತ್ತು ಹನ್ನೆರಡನೇ ತರಗತಿ ಎಲ್ಲಿ ಬರೆಯುತ್ತದೆ, ಆಮೇಲೆ ಯಾವ ರಾಜ್ಯದ ಲೆಕ್ಕದಲ್ಲಿ ಸೀಟು ಕೇಳುತ್ತದೆ? ಇದಕ್ಕೆ ಉತ್ತರ ಸಿಕ್ಕಿದರೆ ಶಾಲೆಯ ಆಯ್ಕೆ ಅರ್ಧ ಮುಗಿದ ಹಾಗೆ.

ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋದವರಿಗೆ ಈ ತಲೆಬಿಸಿ ಅಷ್ಟಿಲ್ಲ. ಕಾಯಂ ನಿವಾಸಿಯಾದರೆ ಮಗು ಅಲ್ಲಿನ ಕಾಲೇಜಿಗೇ ಹೋಗುತ್ತದೆ. ಗಲ್ಫ್‌ನಲ್ಲಿ ನಮ್ಮ ಹೆಚ್ಚಿನವರ ವಾಸ ನಿಂತಿರುವುದು ಕೆಲಸದ ಮೇಲೆ. ಕೆಲಸ ಹೋದರೆ ವೀಸಾ, ವೀಸಾ ಹೋದರೆ ಶಾಲೆ. ಇದು ಊಹೆಯ ಮಾತಲ್ಲ, ಎರಡು ಸಲ ಕಣ್ಣಾರೆ ಕಂಡದ್ದು. 2017ರ ಜುಲೈಯಿಂದ ಸೌದಿ ಸರ್ಕಾರ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷ ವರ್ಷ ನೂರು ನೂರು ಏರಿಸಿ 2020ಕ್ಕೆ 400 ಮಾಡಿತು. ಹೆಂಡತಿ, ಎರಡು ಮಕ್ಕಳಿದ್ದರೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ಶಾಲೆಯ ಫೀಸು, ಬಾಡಿಗೆ, ಊಟ ಇದೆಲ್ಲ ಬೇರೆ. ಜಿದ್ದಾ, ದಮ್ಮಾಮ್, ಜುಬೈಲಿನಿಂದ ಎಷ್ಟೋ ಕುಟುಂಬಗಳು ಊರಿಗೆ ಬಂದವು. ಅದು ಮುಗಿಯುವ ಮೊದಲೇ ಕೊರೋನಾ ಬಂತು. 2020ರಲ್ಲಿ ವಂದೇ ಭಾರತ್ ವಿಮಾನದಲ್ಲಿ ಬಂದವರ ಮಕ್ಕಳು ಕರಾವಳಿಯ ಶಾಲೆಗಳಲ್ಲಿ ಸೀಟು ಹುಡುಕಬೇಕಾಯಿತು. ಆದ್ದರಿಂದ ಹೋಗುವಾಗಲೇ ಬರುವುದನ್ನು ಲೆಕ್ಕ ಹಾಕಬೇಕು. ಅಂಗಡಿ ಇಟ್ಟವನಿಗೆ ಇದು ಗೊತ್ತಿರುವ ವಿಷಯ. ಬಾಡಿಗೆ ಕರಾರು ಬರೆಯುವಾಗಲೇ ಅಂಗಡಿ ಬಿಡುವುದು ಹೇಗೆ ಅಂತಲೂ ಬರೆದಿಡುತ್ತೇವೆ.

ಮೊದಲು ಬೋರ್ಡಿನ ವಿಷಯ. ದುಬೈಯಲ್ಲಿ ಕೆಎಚ್‌ಡಿಎ ಎಂಬ ಪ್ರಾಧಿಕಾರ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುತ್ತದೆ. ಅದರ ವೆಬ್‌ಸೈಟಿನಲ್ಲಿ ಪ್ರತಿ ಶಾಲೆಯ ತರಗತಿವಾರು ಮಂಜೂರಾದ ಫೀಸು ಹಾಕಿರುತ್ತಾರೆ. ಎಕ್ಸಲೆಂಟು, ನಂಬರ್ ಒನ್ನು ಅಂತ ಶಾಲೆಯವರೇ ಹೇಳಿಕೊಳ್ಳುವುದನ್ನು ನಂಬಬೇಕಿಲ್ಲ, 'ಔಟ್‌ಸ್ಟ್ಯಾಂಡಿಂಗ್'ನಿಂದ 'ವೆರಿ ವೀಕ್' ತನಕ ಆರು ಹಂತದ ಸರ್ಕಾರಿ ರೇಟಿಂಗ್ ಇದೆ. ಫೀಸು ಏರಿಸುವುದಕ್ಕೂ ಮಿತಿ ಇದೆ, 2025-26ಕ್ಕೆ ಆ ಸೂಚ್ಯಂಕ 2.35 ಶೇಕಡ. ಅಬುಧಾಬಿ, ಶಾರ್ಜಾಗಳಿಗೆ ಬೇರೆ ಪ್ರಾಧಿಕಾರಗಳಿವೆ. ಒಳ್ಳೆಯ ವ್ಯವಸ್ಥೆ. ನಮ್ಮ ಕಡೆ ಶಾಲೆಯ ಫೀಸು ಕೇಳಲು ಹೋದರೆ ಬಾಯಲ್ಲಿ ಹೇಳುತ್ತಾರೆ, ಬರೆದು ಕೊಡಿ ಅಂದರೆ ಮುಖ ನೋಡುತ್ತಾರೆ!

ಆದರೆ ರೇಟಿಂಗ್ ಹೇಳುವುದು ಶಾಲೆಯ ಬಗ್ಗೆ, ನಿಮ್ಮ ಮಗುವಿನ ದಾರಿಯ ಬಗ್ಗೆ ಅಲ್ಲ. ಬ್ರಿಟಿಷ್ ಶಾಲೆಗಳಿಗೆ ರೇಟಿಂಗ್ ಚೆನ್ನಾಗಿರುತ್ತದೆ, ಫೀಸು ಭಾರತೀಯ ಶಾಲೆಗಿಂತ ಎಷ್ಟೋ ಪಟ್ಟು. ಒಳ್ಳೆಯ ಸಂಬಳದವರು, ಕಂಪನಿಯೇ ಫೀಸು ಕಟ್ಟುವವರು ಅಲ್ಲಿಗೆ ಸೇರಿಸುತ್ತಾರೆ, ಸೇರಿಸಲಿ. ತೊಂದರೆ ಬರುವುದು ಮಧ್ಯದಲ್ಲಿ ಊರಿಗೆ ಬರಬೇಕಾದಾಗ. ಅಲ್ಲಿನ 'ಇಯರ್ 7' ಅಂದರೆ ನಮ್ಮ ಆರನೇ ತರಗತಿ. ಅಲ್ಲಿ ವರ್ಷ ಶುರುವಾಗುವುದು ಸೆಪ್ಟೆಂಬರಿನಲ್ಲಿ, ನಮ್ಮಲ್ಲಿ ಜೂನ್‌ನಲ್ಲಿ, ಸಿಬಿಎಸ್‌ಇಯಲ್ಲಿ ಏಪ್ರಿಲ್‌ನಲ್ಲಿ. ಐದು ವರ್ಷಕ್ಕೇ ಇಯರ್ 1ಕ್ಕೆ ಹೋದ ಮಗು ಕರ್ನಾಟಕಕ್ಕೆ ಬಂದರೆ ಇಲ್ಲಿ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ 2022ರ ಸರ್ಕಾರಿ ಆದೇಶ ಎದುರಾಗುತ್ತದೆ. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. 'ನನ್ನ ಮಗ ಅಲ್ಲಿ ಎರಡನೇದರಲ್ಲಿದ್ದ, ಇಲ್ಲಿ ಒಂದನೇದಕ್ಕೆ ಕೂರಿಸಿದರು' ಎಂಬ ದೂರು ಬರುವುದು ಹೀಗೆ.

ಸಿಬಿಎಸ್‌ಇ ಶಾಲೆಯಾದರೆ ಪುಸ್ತಕ ಅದೇ, ಪರೀಕ್ಷೆ ಅದೇ, ಅಂಕಪಟ್ಟಿಗೆ ತತ್ಸಮಾನ ಪ್ರಮಾಣಪತ್ರದ ಗೋಜು ಇಲ್ಲ. ಮಧ್ಯಮ ಸಂಬಳದವರಿಗೆ ಕೈಗೆಟಕುವುದೂ ಅದೇ. ವರ್ಷಕ್ಕೆ ಹತ್ತು ಸಾವಿರ ದಿರ್ಹಮ್ ಒಳಗಿನ ಭಾರತೀಯ ಶಾಲೆಗಳೂ ಯುಎಇಯಲ್ಲಿವೆ. ಸೌದಿಯಲ್ಲಿ ಜಿದ್ದಾ, ರಿಯಾದ್, ದಮ್ಮಾಮ್‌ಗಳಲ್ಲಿ ಭಾರತೀಯ ರಾಯಭಾರ ಕಚೇರಿಯ ಆಶ್ರಯದ ಇಂಟರ್‌ನ್ಯಾಷನಲ್ ಇಂಡಿಯನ್ ಸ್ಕೂಲ್‌ಗಳಿವೆ. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಇದ್ದರೂ ಪಠ್ಯ ಸಿಬಿಎಸ್‌ಇಯೇ. ಒಂದು ವಿಷಯ ಮಾತ್ರ ಮರೆಯಬಾರದು. ಸಿಬಿಎಸ್‌ಇಯಲ್ಲಿ ಒಂಬತ್ತು-ಹತ್ತು ಒಂದು ಜೋಡಿ, ಹನ್ನೊಂದು-ಹನ್ನೆರಡು ಇನ್ನೊಂದು ಜೋಡಿ. ಒಂಬತ್ತರಲ್ಲೇ ಬೋರ್ಡಿಗೆ ಹೆಸರು ನೋಂದಣಿ ಆಗುತ್ತದೆ. ಹತ್ತಕ್ಕೆ ಅಥವಾ ಹನ್ನೆರಡಕ್ಕೆ ನೇರ ಸೇರ್ಪಡೆ ಇಲ್ಲ, ತಂದೆಯ ವರ್ಗಾವಣೆಯಂಥ ಕಾರಣ ತೋರಿಸಿ ಬೋರ್ಡಿನ ಅನುಮತಿ ತೆಗೆದುಕೊಳ್ಳಬೇಕು. ರಾಜ್ಯ ಪಠ್ಯದಲ್ಲಿ ಒಂಬತ್ತು ಮುಗಿಸಿದ ಹುಡುಗನನ್ನು ಹತ್ತನೇದಕ್ಕೆ ಗಲ್ಫ್‌ಗೆ ಕರೆದೊಯ್ಯುವ ಯೋಚನೆ ಇದ್ದರೆ ಬಿಡುವುದು ವಾಸಿ. ಹೋಗುವುದಿದ್ದರೆ ಎಂಟರ ಒಳಗೆ, ಬರುವುದಿದ್ದರೆ ಒಂಬತ್ತಕ್ಕೆ ಅಥವಾ ಹನ್ನೊಂದಕ್ಕೆ. ವೀಸಾ ಕೈಗೆ ಬಂತೆಂದು ಅಕ್ಟೋಬರಿನಲ್ಲಿ ಟಿಕೆಟ್ ಮಾಡುವವರು ಇದನ್ನು ನೋಡುವುದೇ ಇಲ್ಲ.

ಈಗ ಸೀಟಿನ ಲೆಕ್ಕಕ್ಕೆ ಬರೋಣ. ಕರ್ನಾಟಕದಲ್ಲಿ ಸಿಇಟಿ ಮೂಲಕ ಸರ್ಕಾರಿ ಸೀಟು ಬೇಕಾದರೆ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮುಖ್ಯ ಷರತ್ತು: ಒಂದರಿಂದ ಹನ್ನೆರಡರ ನಡುವೆ ಒಟ್ಟು ಏಳು ವರ್ಷ ಕರ್ನಾಟಕದ ಶಾಲೆಯಲ್ಲಿ ಓದಿರಬೇಕು, ಜೊತೆಗೆ ಹತ್ತು ಅಥವಾ ಹನ್ನೆರಡು ಇವೆರಡರಲ್ಲಿ ಒಂದನ್ನು ಇಲ್ಲೇ ಪಾಸಾಗಿರಬೇಕು. ಗಮನಿಸಿ, ಇಲ್ಲಿ 'ಸತತ' ಎಂಬ ಮಾತಿಲ್ಲ. ಬಂಟ್ವಾಳದ ಒಬ್ಬ ಹುಡುಗಿ ಒಂದರಿಂದ ಐದರವರೆಗೆ ಊರಲ್ಲಿ ಓದಿ, ಆರರಿಂದ ಹತ್ತು ದುಬೈಯಲ್ಲಿ ಮುಗಿಸಿ, ಪಿಯುಸಿಗೆ ಮಂಗಳೂರಿಗೆ ಬಂದಳು ಅಂತಿಟ್ಟುಕೊಳ್ಳಿ. ಐದು ಮತ್ತು ಎರಡು ಏಳು, ಹನ್ನೆರಡು ಇಲ್ಲೇ. ಅರ್ಹಳು. ಅದೇ ಹುಡುಗಿ ನಾಲ್ಕನೇ ತರಗತಿ ಮುಗಿಸಿಯೇ ಹೋಗಿದ್ದರೆ ಆರು ವರ್ಷ ಮಾತ್ರ, ಈ ಷರತ್ತಿನಲ್ಲಿ ಇಲ್ಲ. ಒಂದು ವರ್ಷದ ವ್ಯತ್ಯಾಸ ಅಷ್ಟೇ. ವೀಸಾ ಹಾಕುವ ದಿನ ಇದನ್ನು ಯಾರೂ ಹೇಳುವುದಿಲ್ಲ, ಟ್ರಾವೆಲ್ ಏಜೆಂಟನಿಗೆ ಹೇಳುವ ದರ್ದೂ ಇಲ್ಲ.

ಅಂಥವರಿಗೆ ಇನ್ನೊಂದು ಬಾಗಿಲು ಇದೆ, ನಮ್ಮವರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. ಮಗು ಹನ್ನೊಂದು, ಹನ್ನೆರಡು ಎರಡನ್ನೂ ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ಅಥವಾ ತಾಯಿ ಯಾರಾದರೊಬ್ಬರು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಆ ಷರತ್ತಿನಲ್ಲಿ ಅರ್ಹತೆ ಕೇಳಬಹುದು. ಗಲ್ಫ್‌ನಲ್ಲೇ ಹುಟ್ಟಿ ಅಲ್ಲೇ ಹತ್ತು ಮುಗಿಸಿದ ಮಕ್ಕಳಿಗೆ ಇದು ದೊಡ್ಡ ಆಸರೆ. ಇಲ್ಲಿ ಉಮ್ಮನ ಓದು ಲೆಕ್ಕಕ್ಕೆ ಬರುತ್ತದೆ. ಬಾಪ ಆರನೇ ತರಗತಿಗೆ ಶಾಲೆ ಬಿಟ್ಟು ಬೊಂಬಾಯಿಗೆ ಹೋದವನಾಗಿದ್ದು ಉಮ್ಮ ಎಸೆಸೆಲ್ಸಿ ಓದಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರ ಹಳೆಯ ಅಂಕಪಟ್ಟಿ, ಶಾಲೆಯಿಂದ ಬಿಇಒ ಮೇಲುರುಜು ಮಾಡಿಸಿದ ಸ್ಟಡಿ ಸರ್ಟಿಫಿಕೇಟು ಇದ್ದರೆ ಮಗಳಿಗೆ ಸೀಟಿನ ದಾರಿ. 2ಬಿ ಮೀಸಲಾತಿ ಕೇಳುವುದೂ ಈ ಅರ್ಹತೆಯ ನಂತರವೇ. ಅರ್ಹತೆಯೇ ಇಲ್ಲದಿದ್ದರೆ ಜಾತಿ ಪ್ರಮಾಣಪತ್ರ ಹಿಡಿದು ಪ್ರಯೋಜನ ಇಲ್ಲ.

ಎನ್‌ಆರ್‌ಐ ಕೋಟಾ ಇದೆಯಲ್ಲ ಅನ್ನುವವರಿದ್ದಾರೆ. ಇದೆ, ಖಾಸಗಿ ವೃತ್ತಿಪರ ಕಾಲೇಜುಗಳಲ್ಲಿ ಶೇಕಡ 15ರ ತನಕ. ಅದರ ಫೀಸು ನೋಡಿದರೆ ಐದಾರು ಸಾವಿರ ದಿರ್ಹಮ್ ಸಂಬಳದವನು ಎನ್‌ಆರ್‌ಐ ಹೌದೋ ಅಲ್ಲವೋ ಅಂತ ಅವನಿಗೇ ಸಂಶಯ ಬರಬೇಕು. ನೀಟ್‌ನ ಅಖಿಲ ಭಾರತ ಶೇಕಡ 15ರ ಸೀಟಿಗೆ ರಾಜ್ಯದ ಷರತ್ತಿಲ್ಲ ನಿಜ, ಆದರೆ ಪೈಪೋಟಿ ಇಡೀ ದೇಶದ್ದು. ನೀಟ್ ಬರೆಯಲು ಗಲ್ಫ್‌ನಲ್ಲೇ ಕೇಂದ್ರಗಳು 2021ರಿಂದ ಬಂದಿವೆ. 2024ರಲ್ಲಿ ಮೊದಲು ವಿದೇಶದ ಕೇಂದ್ರಗಳೇ ಪಟ್ಟಿಯಲ್ಲಿರಲಿಲ್ಲ, ಗಲಾಟೆಯಾದ ಮೇಲೆ 14 ನಗರ ಸೇರಿಸಿದರು.

ನಾನು ಇದನ್ನು ಬರೆಯುತ್ತಿರುವುದು ಕಲ್ಯಾಣದುರ್ಗದಿಂದ. ಕರಾವಳಿಯಿಂದ ಬಂದು ಆಂಧ್ರದ ಗಡಿಯಲ್ಲಿ ಅಂಗಡಿ ಇಟ್ಟುಕೊಂಡ ನನ್ನಂಥವರ ಮಕ್ಕಳ ಲೆಕ್ಕ ಇನ್ನೂ ಗೋಜಲು. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತೆಲುಗು, ಮದ್ರಸದಲ್ಲಿ ಉರ್ದು, ರಜೆಯಲ್ಲಿ ಅಜ್ಜಿ ಮನೆಗೆ ಹೋದರೆ ಕನ್ನಡ. ಮಡಕಶಿರಾ ಕಡೆಯ ಅಮರಾಪುರ, ಅಗಳಿ, ರೊಳ್ಳ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಪೇಟೆಯಲ್ಲಿರುವ ನಮ್ಮ ಮಕ್ಕಳು ಹೋಗುವುದು ಇಂಗ್ಲಿಷ್ ಮಾಧ್ಯಮಕ್ಕೆ, ಭಾಷೆ ತೆಲುಗು. ಇಲ್ಲಿಂದ ಗಲ್ಫ್‌ಗೆ ಹೊರಟರೆ ಆ ಮಗುವಿಗೆ ಎರಡೂ ರಾಜ್ಯಗಳ ಬಾಗಿಲು ಒಟ್ಟಿಗೇ ಮುಚ್ಚುವ ಅಪಾಯ ಇದೆ.

ಹೇಗೆಂದರೆ, ಆಂಧ್ರದಲ್ಲಿ ಸಂವಿಧಾನದ 371ಡಿ ವಿಧಿ ಮತ್ತು ಅದರಡಿ ಬಂದ 1974ರ ರಾಷ್ಟ್ರಪತಿ ಆದೇಶದ ಪ್ರಕಾರ ಶೇಕಡ 85 ಸೀಟು 'ಲೋಕಲ್' ಅಭ್ಯರ್ಥಿಗಳಿಗೆ. ಅನಂತಪುರ ಜಿಲ್ಲೆ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆ. ಲೋಕಲ್ ಆಗಲು ಮುಖ್ಯ ದಾರಿ, ಇಂಟರ್ ಪರೀಕ್ಷೆಗೆ ಮುಗಿಯುವ ಹಾಗೆ ನಾಲ್ಕು ವರ್ಷ ಸತತ ಓದು. ಅಂದರೆ ಒಂಬತ್ತರಿಂದ ಹನ್ನೆರಡು. ತೆಲಂಗಾಣದ ನಿಯಮದ ಬೇರೂ ಇದೇ. ಕಲ್ಯಾಣದುರ್ಗದಲ್ಲಿ ಒಂದರಿಂದ ಎಂಟರ ತನಕ ಓದಿದ ಮಗು ಒಂಬತ್ತು-ಹತ್ತಕ್ಕೆ ಶಾರ್ಜಾಕ್ಕೆ ಹೋಗಿ ಹನ್ನೊಂದಕ್ಕೆ ವಾಪಸ್ ಬಂದರೆ ಆ ದಾರಿ ಕಡಿಯಿತು. ಉಳಿದ ಶೇಕಡ 15ರಲ್ಲಿ ಪೈಪೋಟಿ ಮಾಡಬೇಕು. ಎಂಟು ವರ್ಷ ಓದಿದ ಊರಲ್ಲೇ ಹೊರಗಿನವನು.

ಸರಿ, ಕರ್ನಾಟಕಕ್ಕೆ ಹೋಗೋಣ ಎಂದರೆ ಅಲ್ಲಿ ಓದಿದ ವರ್ಷ ಸೊನ್ನೆ. ಗಡಿನಾಡ ಕನ್ನಡಿಗರಿಗೆ ಕೆಇಎಯಲ್ಲಿ ಒಂದು ಷರತ್ತು ಉಂಟು, ಕನ್ನಡ ಪರೀಕ್ಷೆ ಪಾಸಾಗಿ ಸೀಟು ಕೇಳಬಹುದು. ಆದರೆ ಆ ಪಟ್ಟಿಯಲ್ಲಿರುವ ತಾಲೂಕುಗಳು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ್ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಮಂಜೇಶ್ವರ, ಉಪ್ಪಳದ ನಮ್ಮ ಬಂಧುಗಳಿಗೆ ಇದು ಅನುಕೂಲ. ಕಲ್ಯಾಣದುರ್ಗ, ಹಿಂದೂಪುರ, ಮಡಕಶಿರಾ ಅದರಲ್ಲಿಲ್ಲ. 1953ರ ತನಕ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ರಾಯದುರ್ಗ ಕೂಡ ಇಲ್ಲ. ಆಂಧ್ರದ ಗಡಿ ಕನ್ನಡಿಗರನ್ನು ಕರ್ನಾಟಕ ಯಾಕೆ ಮರೆಯಿತು ಅಂತ ಕನ್ನಡ ಸಂಘಟನೆಗಳು ಕೇಳಬೇಕಾದ ಪ್ರಶ್ನೆ. ನಮ್ಮ ಶಾಸಕರೂ ಕೇಳಬಹುದು.

ಹಾಗಾಗಿ ಇಲ್ಲಿಂದ ಹೊರಡುವವರಿಗೆ ಉಳಿಯುವುದು ಎರಡು ದಾರಿ. ಎಂಟು ಮುಗಿಯುವುದರೊಳಗೆ ವಾಪಸ್ ಬಂದು ಒಂಬತ್ತರಿಂದ ಹನ್ನೆರಡು ಇಲ್ಲೇ ಓದಿಸುವುದು. ಅಥವಾ ಹತ್ತು ಅಲ್ಲೇ ಮುಗಿಸಿ ಪಿಯುಸಿಗೆ ಮಂಗಳೂರಿಗೋ ಬಳ್ಳಾರಿಗೋ ಸೇರಿಸಿ ತಂದೆ-ತಾಯಿಯ ಓದಿನ ಷರತ್ತು ಹಿಡಿಯುವುದು. ದಕ್ಷಿಣ ಕನ್ನಡದಲ್ಲಿ ಓದಿ ಇಲ್ಲಿಗೆ ಬಂದವರಿಗೆ ಎರಡನೆಯದು ಸುಲಭ. ಇಲ್ಲೇ ಓದಿ ಬೆಳೆದ ಎರಡನೇ ತಲೆಮಾರಿಗೆ ಮೊದಲನೆಯದು ಬಿಟ್ಟರೆ ಗತಿ ಇಲ್ಲ.

ಭಾಷೆಯ ವಿಷಯವನ್ನು ನಮ್ಮವರು ಕೊನೆಗೆ ಇಡುತ್ತಾರೆ. ಯುಎಇಯ ಖಾಸಗಿ ಶಾಲೆಗಳಲ್ಲಿ ಒಂದರಿಂದ ಒಂಬತ್ತರವರೆಗೆ ಅರೇಬಿಕ್ ಕಡ್ಡಾಯ, ಮುಸ್ಲಿಂ ಮಕ್ಕಳಿಗೆ ಇಸ್ಲಾಮಿಕ್ ಪಾಠವೂ ಕಡ್ಡಾಯ. ಅದರ ಮೇಲೆ ಭಾರತೀಯ ಶಾಲೆಗಳಲ್ಲಿ ಸಾಮಾನ್ಯವಾಗಿ ಹಿಂದಿ, ಮಲಯಾಳಂ, ಉರ್ದು, ಫ್ರೆಂಚ್ ಇಂಥವು. ಕನ್ನಡ ಸಿಗುವುದು ಅಪರೂಪ. ಇತ್ತ ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಸಿಬಿಎಸ್‌ಇ ಶಾಲೆಗೂ ಅನ್ವಯಿಸುತ್ತದೆ. ಏಳನೇ ತರಗತಿಗೆ ವಾಪಸ್ ಬಂದ ಹುಡುಗ ಲೆಕ್ಕದಲ್ಲಿ ಮುಂದಿದ್ದು ಕನ್ನಡದಲ್ಲಿ ಅಕ್ಷರವೂ ಬರದೆ ಕೂರುತ್ತಾನೆ. ದುಬೈಯಲ್ಲಿ ಕನ್ನಡ ಮಿತ್ರರು ಸಂಘಟನೆ ಕನ್ನಡ ಪಾಠಶಾಲೆ ನಡೆಸುತ್ತಿದೆ, ಶುಲ್ಕ ಇಲ್ಲ. ಪ್ರಧಾನಿಯ ಮನ್ ಕಿ ಬಾತ್‌ನಲ್ಲೂ ಅದರ ಹೆಸರು ಬಂತು. ನಮ್ಮ ಬ್ಯಾರಿ ಸಂಘಟನೆಗಳು ಗಲ್ಫ್‌ನಲ್ಲಿ ರಕ್ತದಾನ, ಕ್ರಿಕೆಟ್, ಇಫ್ತಾರ್ ಎಲ್ಲ ಅಚ್ಚುಕಟ್ಟಾಗಿ ಮಾಡುತ್ತವೆ. ವಾರಕ್ಕೆ ಎರಡು ಗಂಟೆ ಕನ್ನಡ ಅಕ್ಷರ ಕಲಿಸುವ ಕ್ಲಾಸು ಅದರ ಮುಂದೆ ದೊಡ್ಡ ಖರ್ಚಿನ ಕೆಲಸ ಅಲ್ಲ. ಮದ್ರಸಕ್ಕೆ ಅಲ್ಲಿ ಅಷ್ಟು ಚಿಂತೆ ಇಲ್ಲ, ಸಮಸ್ತ ಪಠ್ಯದ ಮದ್ರಸಗಳು ಗಲ್ಫ್‌ನಲ್ಲೂ ಇವೆ. 2022ರಿಂದ ಯುಎಇಯಲ್ಲಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಬಂದಿರುವುದರಿಂದ ಮನೆಯ ವೇಳಾಪಟ್ಟಿ ಮಾತ್ರ ಬೇರೆ ಥರ ಹೊಂದಿಸಬೇಕು.

ಇನ್ನೊಂದು ಮಾತು ಹೇಳಲೇಬೇಕು. ಕುಟುಂಬವನ್ನು ಕರೆದೊಯ್ಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಬಾಪ ಬೆಡ್‌ಸ್ಪೇಸಿನಲ್ಲಿ, ಉಮ್ಮ ಮಂಗಳೂರಿನ ಫ್ಲ್ಯಾಟಿನಲ್ಲಿ, ಮಕ್ಕಳಿಗೆ ಬಾಪ ಅಂದರೆ ವಾಟ್ಸಾಪ್ ವಿಡಿಯೋ ಎಂಬ ಬದುಕನ್ನು ನಮ್ಮ ಹಿಂದಿನ ತಲೆಮಾರು ಸಾಕಷ್ಟು ಅನುಭವಿಸಿದೆ. ಐದು ವರ್ಷ ಒಟ್ಟಿಗಿದ್ದು ಮಕ್ಕಳು ಬೆಳೆದರೆ ಅದರ ಬೆಲೆ ಯಾವ ಸೀಟಿಗಿಂತ ಕಡಿಮೆ ಅಂತ ಹೇಳುವುದು ಕಷ್ಟ. ಆದರೆ ಆ ಐದು ವರ್ಷ ಯಾವುದು ಅಂತ ಆರಿಸುವುದು ನಮ್ಮ ಕೈಯಲ್ಲಿದೆ. ಒಂದರಿಂದ ಎಂಟರ ಒಳಗಿನ ಐದಾದರೆ ನಷ್ಟ ಕಡಿಮೆ. ಎಂಟರಿಂದ ಹನ್ನೆರಡರ ಐದಾದರೆ ಮಗುವಿಗೆ ಅಲ್ಲೇ ಅಥವಾ ಬೇರೆ ದೇಶದಲ್ಲಿ ಕಾಲೇಜು ಓದಿಸುವಷ್ಟು ಉಳಿತಾಯ ಇರಬೇಕು. ಯುಎಇಯಲ್ಲಿ ಕುಟುಂಬದ ವೀಸಾಕ್ಕೆ 4,000 ದಿರ್ಹಮ್ ಸಂಬಳ, ಅಥವಾ ವಸತಿ ಜೊತೆಗೆ 3,000 ಸಾಕು. ವೀಸಾಕ್ಕೆ ಸಾಕು, ಸಂಸಾರಕ್ಕೆ ಸಾಲದು. ಎರಡು ಮಕ್ಕಳ ಶಾಲೆ ಫೀಸು, ಬಸ್ಸು, ಪುಸ್ತಕ, ಸಮವಸ್ತ್ರ ಕೂಡಿಸಿ ಹನ್ನೆರಡರಿಂದ ಭಾಗಿಸಿ ನೋಡಿ, ಆಮೇಲೆ ಬಾಡಿಗೆ ಹಾಕಿ. ಹಣ ಸಾಲದೆ ಮೂರನೇ ವರ್ಷಕ್ಕೆ ವಾಪಸ್ ಕಳಿಸುವಾಗ ಮೊದಲು ಊರಿಗೆ ಬರುವುದು ಹೆಣ್ಣುಮಗಳು, ಗಂಡುಮಗನ ಫೀಸು ಹೇಗಾದರೂ ಹೊಂದಿಸುತ್ತಾರೆ. ನಮ್ಮಲ್ಲಿ ಇದು ನಡೆಯುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹೊರಡುವ ಮೊದಲು ಮಾಡಬೇಕಾದ ಕಾಗದದ ಕೆಲಸ ಹೆಚ್ಚಿಲ್ಲ, ಆದರೆ ಊರಲ್ಲಿದ್ದಾಗಲೇ ಆಗಬೇಕು. ಮಗು ಇಲ್ಲಿ ಓದಿದ ಪ್ರತಿ ವರ್ಷಕ್ಕೂ ಸ್ಟಡಿ ಸರ್ಟಿಫಿಕೇಟು, ಕರ್ನಾಟಕದಲ್ಲಾದರೆ ಬಿಇಒ ಮೇಲುರುಜು. ಟಿಸಿಗೆ ಶಿಕ್ಷಣ ಇಲಾಖೆಯ ಸಹಿ, ವಿದೇಶಾಂಗ ಸಚಿವಾಲಯದ ದೃಢೀಕರಣ. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಟಿಸಿ ಮೂರರಲ್ಲೂ ಹೆಸರಿನ ಅಕ್ಷರ, ಹುಟ್ಟಿದ ದಿನ ಒಂದೇ ಇದೆಯಾ ಅಂತ ನೋಡುವುದು. 'ಮೊಹಮ್ಮದ್' ಒಂದೊಂದು ಕಾಗದದಲ್ಲಿ ಒಂದೊಂದು ಸ್ಪೆಲ್ಲಿಂಗಿನಲ್ಲಿರುವುದು ನಮ್ಮ ಮನೆಗಳಲ್ಲಿ ಮಾಮೂಲು, ಹನ್ನೆರಡು ವರ್ಷ ಕಳೆದ ಮೇಲೆ ಸರಿಮಾಡಲು ಹೊರಟರೆ ಕೋರ್ಟಿನ ತನಕ ಹೋಗಬೇಕಾದೀತು. ಜೊತೆಗೆ ತಂದೆ-ತಾಯಿಯ ಹಳೆಯ ಶಾಲೆಯ ದಾಖಲೆ. ಮಕ್ಕಳ ಸಂಖ್ಯೆ ಇಲ್ಲದೆ ಹಳ್ಳಿಯ ಸರ್ಕಾರಿ ಶಾಲೆಗಳು ಮುಚ್ಚುತ್ತಿವೆ, ಪಕ್ಕದ ಶಾಲೆಗೆ ಸೇರುತ್ತಿವೆ. ಉಮ್ಮ ಓದಿದ ಶಾಲೆಯ ದಾಖಲಾತಿ ಪುಸ್ತಕ ಈಗ ಯಾವ ಕಪಾಟಿನಲ್ಲಿದೆ ಅಂತ ಈ ರಜೆಯಲ್ಲೇ ವಿಚಾರಿಸಿ ಒಂದು ಪ್ರತಿ ಮಾಡಿಸಿ ಇಟ್ಟುಕೊಳ್ಳಿ.